ಹೊಟ್ಟೆಗೆ ಕಟ್ಟಿದ ಹಿಟ್ಟು

ಟಿಕೆಟ್ಟಿನ ದುಡ್ಡು ಬಿಟ್ಟು ಮೇಲೊಂದು ಕಾಸು ವಿಮಾನದವರ ಕೈಗೆ ಬಿದ್ದರೆ ನನ್ನ ಹೆಸರು ಎರ್ಮಾನ್ನೊ ಗಲ್ಬಿಯಾಟಿಯೇ ಅಲ್ಲ! ಹೀಗೆಂದು ನಾನು ಶಪಥ ಮಾಡಿ ಹತ್ತು ವರ್ಷವಾಯಿತು. ಇಡೀ ಮಿಲಾನ್ ನಗರದಲ್ಲಿ ಇಂಥ ಶಪಥವನ್ನು ನನ್ನಷ್ಟು ನಿಷ್ಠೆಯಿಂದ ಪಾಲಿಸಿದ ಗಂಡಸು ಇನ್ನೊಬ್ಬನಿಲ್ಲ. ಸೀಟು ಆರಿಸಿಕೊಳ್ಳಲು ದುಡ್ಡು ಕೇಳಿದರು, ಕೊಡಲಿಲ್ಲ. ಪೆಟ್ಟಿಗೆಗೆ ಕೇಳಿದರು, ಕೊಡಲಿಲ್ಲ. ಮೊದಲು ಹತ್ತುವುದಕ್ಕೆ ಕೇಳಿದರು. ಮೊದಲು ಹತ್ತಿದವನೇನು ಮೊದಲು ತಲುಪುತ್ತಾನೆಯೇ? ಒಂದೂವರೆ ಗಂಟೆಯ ಹಾರಾಟದಲ್ಲಿ ಈ ಜನ ಕುಡಿಯುವ ನೀರನ್ನೂ ಮಾರುತ್ತಾರೆ. ನಾನು ಮನೆಯಲ್ಲೇ ಕಂಠಮಟ್ಟ ಕುಡಿದು ಹೊರಡುತ್ತೇನೆ. ಆಮೇಲಿನ ಅವಸ್ಥೆ ನನ್ನದಾದರೂ ಲಾಭವಂತೂ ಅವರದಲ್ಲ!

ಇನ್ನು ಮುಂದಿನ ಸಾಲುಗಳ ಮಹನೀಯರ ವಿಚಾರ. ನಮ್ಮ ಕಡೆಯ ಚಿಕ್ಕ ಹಾರಾಟಗಳಲ್ಲಿ ಬಿಸಿನೆಸ್ ಕ್ಲಾಸ್ ಅಂದರೆ ಒಂದು ತುಂಡು ಪರದೆ, ಅಷ್ಟೆ. ಸೀಟು ಅದೇ, ಅಗಲ ಅದೇ, ಮೊಣಕಾಲಿಗೆ ಒತ್ತುವ ಪ್ಲಾಸ್ಟಿಕ್ಕೂ ಅದೇ. ದುಡ್ಡು ಕೊಟ್ಟವರು ಜಾಸ್ತಿ ಇದ್ದರೆ ಪರದೆಯನ್ನು ಎರಡು ಸಾಲು ಹಿಂದಕ್ಕೆ ಎಳೆಯುತ್ತಾರೆ, ಕಮ್ಮಿ ಇದ್ದರೆ ಮುಂದಕ್ಕೆ ತಳ್ಳುತ್ತಾರೆ. ವ್ಯತ್ಯಾಸ ಒಂದೇ ಒಂದು. ಮೂರು ಸೀಟುಗಳಲ್ಲಿ ನಡುವಿನದನ್ನು ಖಾಲಿ ಬಿಡುತ್ತಾರೆ. ಅಂದರೆ ಆ ಪುಣ್ಯಾತ್ಮರು ಮೂರು ಪಟ್ಟು ದುಡ್ಡು ಸುರಿಯುವುದು ಯಾರೂ ಕೂರದ ಸೀಟಿಗೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಜಾತಿ.

"ಗಾಳಿಗೆ ದುಡ್ಡು ಕೊಡೋ ದಡ್ಡರು!" ಎಂದು ನಾನು ಪ್ರತಿ ಸಲವೂ ಹಿಂದಿನಿಂದ ಘೋಷಿಸುತ್ತೇನೆ.

"ಸುಮ್ನಿರು ಮಾರಾಯ, ಅವರಿಗೆ ಕೇಳಿಸುತ್ತೆ," ಎನ್ನುತ್ತಾಳೆ ನನ್ನ ಹೆಂಡತಿ ಪಿಯೆರಾ.

"ಕೇಳಿಸಲಿ! ಮಧ್ಯ ಇರೋದು ಬಟ್ಟೆ ತಾನೆ, ಗೋಡೆ ಅಲ್ಲವಲ್ಲ!"

ಪ್ರತಿ ಪ್ರಯಾಣ ಮುಗಿದ ಮೇಲೆ ವಿಮಾನದವರಿಗೆ ಕೊಡದೆ ಉಳಿಸಿದ ದುಡ್ಡನ್ನು, ಯುದ್ಧ ಗೆದ್ದ ಸೇನಾಪತಿ ರಾಣಿಗೆ ಕಪ್ಪ ಒಪ್ಪಿಸುವ ಗತ್ತಿನಲ್ಲಿ, ಪಿಯೆರಾಳ ಕೈಗೆ ಕೊಡುತ್ತಿದ್ದೆ. ಅವಳು ಅದನ್ನು ಅಡುಗೆಮನೆಯ ಹಳೆಯ ಕಾಫಿಪುಡಿ ಡಬ್ಬಿಗೆ ಹಾಕುತ್ತಿದ್ದಳು. ಆಮೇಲೆ ಅದೇನಾಯಿತೆಂದು ನಾನು ಕೇಳಿದವನಲ್ಲ.

ಹೀಗೆ ನನ್ನ ಕೀರ್ತಿ ಬೆಳಗುತ್ತಿರುವಾಗ, ಡಿಸೆಂಬರ್ ಮೊದಲ ವಾರದಲ್ಲಿ ಬ್ರಸೆಲ್ಸಿನಿಂದ ಫೋನ್ ಬಂತು. ಪಿಯೆರಾಳ ತಂಗಿಯ ಮಗಳು ಜಿನೇವ್ರಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ದೊಡ್ಡಮ್ಮಾ, ತಾಯಿ ಹೋಗಿಬಿಟ್ಟಳು!"

ನನಗೆ ಎದೆ ಧಸಕ್ಕೆಂದಿತು. ಪಿಯೆರಾಳಿಗೆ ಅದಕ್ಕಿಂತ ಜೋರಾಗಿ ಎಂದಿತು, ಏಕೆಂದರೆ ಅವಳಿಗೆ ತಕ್ಷಣ ಅರ್ಥವಾಗಿತ್ತು. ಹೋದದ್ದು ಹೆತ್ತ ತಾಯಿಯಲ್ಲ, ತಾಯಿಹಿಟ್ಟು! ಮೊಸರಿಗೆ ಹೆಪ್ಪು ಹೇಗೋ ನಮ್ಮ ಬ್ರೆಡ್ಡಿಗೆ ಈ ಹುಳಿ ಬಂದ ತಾಯಿಹಿಟ್ಟು ಹಾಗೆ. ಪಿಯೆರಾಳ ಅಜ್ಜಿ ಕಲಸಿಟ್ಟದ್ದು ಇವತ್ತಿಗೂ ನಮ್ಮ ಮನೆಯಲ್ಲಿ ಉಸಿರಾಡುತ್ತಿದೆ. ದಿನಾ ಅದಕ್ಕೆ ಹೊಸ ಹಿಟ್ಟು, ನೀರು ಉಣಿಸಿ, ಮಿಕ್ಕ ಹಳೆಯದನ್ನು ಎಸೆದು, ಬಟ್ಟೆಯಲ್ಲಿ ಸುತ್ತಿ, ಹುರಿಯಿಂದ ಬಿಗಿದು ಮಲಗಿಸಬೇಕು. ಬಿಗಿಯದಿದ್ದರೆ ಉಬ್ಬಿ ಪಾತ್ರೆ ದಾಟಿ ನಡೆಯುತ್ತದೆ. ನಮ್ಮ ಮದುವೆಯ ದಿನ ಅತ್ತೆ ನನ್ನ ಕೈ ಹಿಡಿದುಕೊಂಡು, "ಮಗಳನ್ನ ಚೆನ್ನಾಗಿ ನೋಡ್ಕೋ," ಎನ್ನಲಿಲ್ಲ. "ತಾಯಿಗೆ ಹಸಿವಾಗದ ಹಾಗೆ ನೋಡ್ಕೋ," ಎಂದರು!

ಅದರದೇ ಒಂದು ತುಂಡನ್ನು ಜಿನೇವ್ರಾ ಬ್ರಸೆಲ್ಸಿಗೆ ಒಯ್ದು ಸಾಕಿಕೊಂಡಿದ್ದಳು. ಕೆಲಸಕ್ಕೆ ಹೊಸದಾಗಿ ಬಂದವಳು ಕೆಟ್ಟ ಹಿಟ್ಟೆಂದುಕೊಂಡು ತೊಟ್ಟಿಗೆ ಸುರಿದಿದ್ದಳು. ಸಾಲ ಮಾಡಿ ಇಟ್ಟ ಬೇಕರಿ, ಮೊದಲನೆಯ ಕ್ರಿಸ್‌ಮಸ್ಸು, ಇಡೀ ಬೀದಿಯೇ ಅವಳ ಪನೆತ್ತೋನೆಗೆ ಹೇಳಿಟ್ಟಿದೆ. ಗೋಪುರದಂತೆ ಉಬ್ಬಬೇಕಾದ ಆ ಹಬ್ಬದ ಬ್ರೆಡ್ಡು ತಾಯಿಯಿಲ್ಲದೆ ಉಬ್ಬುವುದಿಲ್ಲ. ಅಂಗಡಿಯ ಪುಡಿ ಹಾಕಿ ಉಬ್ಬಿಸಿದರೆ ನಮ್ಮ ಮನೆತನದಲ್ಲಿ ಅದನ್ನು ಬ್ರೆಡ್ಡೆನ್ನುವುದಿಲ್ಲ, ಸ್ಪಂಜೆನ್ನುತ್ತಾರೆ.

"ಅಳಬೇಡ ಮಗಳೇ, ತಾಯಿನ ಕರ್ಕೊಂಡು ನಾವೇ ಬರ್ತೀವಿ," ಎಂದಳು ಪಿಯೆರಾ. ಫೋನ್ ಇಟ್ಟು ನನ್ನತ್ತ ತಿರುಗಿದಳು. "ಎರ್ಮಾನ್ನೊ, ಈ ಸಲ ಒಂದು ಸರಿಯಾದ ಪೆಟ್ಟಿಗೆಗೆ ದುಡ್ಡು ಕಟ್ಟು. ತಾಯಿನ ತಣ್ಣಗೆ, ನೆಟ್ಟಗೆ ಇಟ್ಕೊಂಡು ಹೋಗಬೇಕು."

"ಪೆಟ್ಟಿಗೆಗೆ ಕೇಳೋದು ಎಷ್ಟು ಗೊತ್ತಾ? ಟಿಕೆಟ್ಟಿಗಿಂತ ಜಾಸ್ತಿ! ಮೂಗಿಗಿಂತ ಮೂಗುತಿ ಭಾರ! ನನ್ನ ಬೆನ್ನಚೀಲ ಇಲ್ವಾ? ತಾಯಿನ ನಾನು ಹೊರ್ತೀನಿ. ನಿಮ್ಮಜ್ಜಿ ಮೇಲಾಣೆ!"

"ಅಜ್ಜಿ ಮೇಲೆ ಯಾಕೆ? ನಿನ್ನ ಮೇಲೇ ಇಡು," ಎಂದಳು ಪಿಯೆರಾ. ಅಷ್ಟು ಹೇಳಿ ಸುಮ್ಮನಾದಳು. ಪಿಯೆರಾ ಸುಮ್ಮನಾದರೆ ಭಯಪಡಬೇಕು ಎನ್ನುವುದು ನಲವತ್ತು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗಬೇಕಿತ್ತು. ಆದರೆ ನಾನು ಗೆದ್ದೆನೆಂದುಕೊಂಡೆ.

ಹೊರಡುವ ಬೆಳಗ್ಗೆ ಅವಳು ಬಟ್ಟೆ ಸುತ್ತಿ ಹುರಿ ಬಿಗಿದ ಗಂಟೊಂದನ್ನು ನನ್ನ ಕೈಗಿತ್ತಳು. ಸಣ್ಣ ಕುಂಬಳಕಾಯಿಯಷ್ಟಿತ್ತು. ಮುಟ್ಟಿ ನೋಡಿದೆ. ಯಾಕೋ ತಾಯಿ ಸೋತಂತೆ ಕಂಡಳು. ಪಿಯೆರಾ ಕೋಟು ಹಾಕಿಕೊಳ್ಳಲು ಒಳಗೆ ಹೋದದ್ದೇ ತಡ, ಗಂಟು ಬಿಚ್ಚಿ ಎರಡು ಹಿಡಿ ಹಿಟ್ಟು, ಉಗುರುಬೆಚ್ಚಗಿನ ನೀರು, ಮೇಲೊಂದು ದೊಡ್ಡ ಚಮಚ ಸಕ್ಕರೆ ನಾದಿ, ಮತ್ತೆ ಕಟ್ಟಿದೆ. ದೂರದ ಪ್ರಯಾಣ, ಪಾಪ, ತಾಯಿಗೂ ತ್ರಾಣ ಬೇಡವೇ? ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಪಿಯೆರಾ ತೋಳಿಗೆ ದಪ್ಪ ಬಟ್ಟೆಯ ಚೀಲವೊಂದನ್ನು ಏರಿಸಿಕೊಂಡು ಬಂದಳು.

"ಅದರಲ್ಲೇನು?"

"ನನ್ನ ಹೆಣಿಗೆ."

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವಳು ಬೇರೆ ಸಾಲಿಗೆ ಹೋದಳು. ನನ್ನ ಸಾಲಿನ ಅಧಿಕಾರಿ ಗಂಟನ್ನು ಹೊರತೆಗೆದು ಬೆರಳಿನಿಂದ ಒತ್ತಿದ. ಗಂಟು ಒಳಹೋಗಿ ನಿಧಾನವಾಗಿ ಹೊರಬಂತು. ಅವನ ಮುಖ ಬಿಳಿಚಿತು.

"ಏನಿದು?"

"ತಾಯಿ."

"ಯಾರ ತಾಯಿ?"

"ಹೆಂಡತಿ ಅಜ್ಜಿ ಕಾಲದ್ದು."

ಅವನ ಮುಖ ಒಮ್ಮೆಲೇ ಮೆತ್ತಗಾಯಿತು. "ನಮ್ಮಮ್ಮನ ಹತ್ರಾನೂ ಒಂದಿತ್ತು. ಹೋದ ಬೇಸಿಗೆಯಲ್ಲಿ ಹುಳಿ ಹೆಚ್ಚಾಗಿ ಸತ್ತೋಯ್ತು," ಎಂದು ಗಂಟನ್ನು ಎರಡೂ ಕೈಯಲ್ಲಿ ನನಗೆ ಒಪ್ಪಿಸಿದ. ನಮ್ಮ ಊರಿನ ಜನಕ್ಕೆ ಇನ್ನೂ ಸಂಸ್ಕಾರವಿದೆ!

"ನಾನು ಕಾಫಿ ಕುಡಿದು ಬರ್ತೀನಿ, ನೀನು ಹತ್ತು. ನಂದು ಮುಂದೆಲ್ಲೋ ಸೀಟು ಬಂದಿದೆ," ಎಂದು ಪಿಯೆರಾ ಹೊರಟುಹೋದಳು. ನಿಲ್ದಾಣದ ಕಾಫಿ! ಆ ದುಡ್ಡಿಗೆ ಮನೆಯಲ್ಲಿ ವಾರವಿಡೀ ಕುಡಿಯಬಹುದು. ಅಂದಹಾಗೆ, ಸೀಟಿಗೆ ದುಡ್ಡು ಕೊಡದ ಗಂಡ ಹೆಂಡಿರನ್ನು ವಿಮಾನದವರು ಬೇಕೆಂದೇ ಬೇರೆ ಮಾಡಿ ಕೂರಿಸುತ್ತಾರೆ. ಒಟ್ಟಿಗೆ ಕೂರಲು ದುಡ್ಡು ಕಟ್ಟಲಿ ಎಂದು ಅವರ ಲೆಕ್ಕ. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಇದು ಶಿಕ್ಷೆಯೋ ಬಹುಮಾನವೋ, ಆ ಮೂಢರಿಗೆ ತಿಳಿಯದು.

ಹತ್ತುವ ಬಾಗಿಲ ಬಳಿ ಅವರ ಯಮಪಾಶ ಕಾದಿತ್ತು. ಅದೊಂದು ಕಬ್ಬಿಣದ ಚೌಕಟ್ಟು. ಚೀಲ ಅದರೊಳಗೆ ಇಳಿದರೆ ಸ್ವರ್ಗ, ಇಳಿಯದಿದ್ದರೆ ದಂಡ. ಹತ್ತು ವರ್ಷ ಇಳಿದಿದ್ದ ನನ್ನ ಚೀಲ ಅಂದು ಅರ್ಧದಲ್ಲೇ ನಿಂತಿತು. ಒತ್ತಿದೆ, ಗುದ್ದಿದೆ, ಮೇಲೆ ಕೂತೆ. ಚೀಲ ಜಗ್ಗಲಿಲ್ಲ. ತಾಯಿ ಆಗಲೇ ಸಕ್ಕರೆ ತಿಂದು ಬೆಳೆಯುತ್ತಿದ್ದಳು!

"ಚೀಲಕ್ಕೆ ದುಡ್ಡು ಕಟ್ಟಬೇಕಾಗುತ್ತೆ ಸರ್," ಎಂದಳು ಅಲ್ಲಿದ್ದ ಹುಡುಗಿ, ಹಲ್ಲು ಕಾಣುವಂತೆ ನಗುತ್ತಾ.

"ಮೈಮೇಲೆ ಇರೋದಕ್ಕೂ ದುಡ್ಡಾ?"

"ಮೈಮೇಲೆ ಇರೋದಕ್ಕಿಲ್ಲ ಸರ್."

ಆ ಒಂದು ವಾಕ್ಯ ಸಾಕಿತ್ತು. ಕಂಬದ ಮರೆಗೆ ಹೋಗಿ, ಗಂಟನ್ನು ತೆಗೆದು, ಅಂಗಿಯ ಮೇಲೆ ಹೊಟ್ಟೆಗಿಟ್ಟು, ಉಣ್ಣೆಯ ಮಫ್ಲರಿನಿಂದ ಬಿಗಿಯಾಗಿ ಸುತ್ತಿ, ಮೇಲೆ ಚಳಿಗಾಲದ ದಪ್ಪ ಕೋಟು ಹಾಕಿ ಗುಂಡಿ ಹಾಕಿಕೊಂಡೆ. ಚೀಲ ಚೌಕಟ್ಟಿನೊಳಗೆ ಜಾರಿತು. ಹುಡುಗಿ ನನ್ನ ಹೊಟ್ಟೆಯನ್ನೂ ಮುಖವನ್ನೂ ನೋಡಿ, ಬಾಗಿಲ ಕಡೆ ಕೈ ತೋರಿಸಿದಳು. ಎರ್ಮಾನ್ನೊ ಗೆದ್ದಿದ್ದ!

ಹಿಂದಿನ ಸಾಲಿನವರಿಗೆ ಹಿಂದಿನ ಮೆಟ್ಟಿಲು. ನನ್ನ ಸೀಟು ಕಟ್ಟಕಡೆಯ ಸಾಲಿನ ನಡುವಿನದು. ಬೆನ್ನಿಗೆ ಶೌಚಾಲಯದ ಗೋಡೆ, ಮಂಡಿಗೆ ಮುಂದಿನ ಸೀಟು, ಗದ್ದಕ್ಕೆ ನನ್ನದೇ ಮಂಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಇಲ್ಲಿ ಚಾಚುವ ಮಾತು ಹಾಗಿರಲಿ, ಕಾಲು ತಂದದ್ದೇ ತಪ್ಪು. ಕಿಟಕಿಯ ಕಡೆ ಒಬ್ಬ ಬೆಲ್ಜಿಯಮ್ ತರುಣ ಬಾಯಿ ತೆರೆದು ನಿದ್ರಿಸುತ್ತಿದ್ದ. ಇನ್ನೊಂದು ಕಡೆ ಬೆರ್ಗಮೊ ಊರಿನ ಅರ್ಮಿದಾ ಎಂಬ ಅಜ್ಜಿ ಜಪಮಾಲೆ ಹಿಡಿದು ಕೂತಿದ್ದರು. ಕೂತ ಕೂಡಲೇ ಹೆಸರು, ಊರು, ಮೂರು ಆಪರೇಷನ್ನಿನ ವಿವರ ಎಲ್ಲ ಹೇಳಿದರು.

"ಇಳಿಯುವಾಗ ಚಪ್ಪಾಳೆ ತಟ್ಟಬೇಕು, ಮರೀಬೇಡಿ," ಎಂದರು. "ಪೈಲಟ್ಟಿಗೆ ಖುಷಿಯಾಗುತ್ತೆ."

ವಿಮಾನ ಇಳಿದಾಗ ಚಪ್ಪಾಳೆ ತಟ್ಟುವ ನಮ್ಮ ಜನರ ಈ ಹಳ್ಳಿಗಮಾರ ಚಾಳಿಯನ್ನು ಕಂಡರೆ ನನಗೆ ಮೈ ಉರಿಯುತ್ತದೆ.

"ಬಸ್ಸು ನಿಂತಾಗ ತಟ್ತೀರಾ? ಹಲ್ಲು ಕಿತ್ತ ಡಾಕ್ಟರಿಗೆ ತಟ್ತೀರಾ? ಈ ಕೈ ಇವರಿಗೆ ಚಪ್ಪಾಳೆ ತಟ್ಟಲ್ಲ, ಅಜ್ಜಿ!"

ವಿಮಾನ ಮೇಲೇರಿತು. ಹೊಟ್ಟೆಯ ಬಳಿ ಏನೋ ಮಿಸುಕಿದಂತಾಯಿತು.

ಹಿಟ್ಟು ಉಬ್ಬಲು ಏನು ಬೇಕು? ಬೆಚ್ಚಗಿನ ಜಾಗ. ನನ್ನ ಹೊಟ್ಟೆ, ಉಣ್ಣೆಯ ಮಫ್ಲರು, ಚಳಿಗಾಲದ ಕೋಟು, ಎರಡೂ ಬದಿಗೆ ಒತ್ತಿ ಕೂತ ಎರಡು ದೇಹ! ಯಾವ ಬೇಕರಿಯಲ್ಲಿದೆ ಇಂಥ ವ್ಯವಸ್ಥೆ? ಅದರ ಮೇಲೆ, ಮೇಲೇರಿದಂತೆ ವಿಮಾನದೊಳಗಿನ ಗಾಳಿ ತೆಳುವಾಗಿ ಚಿಪ್ಸಿನ ಪೊಟ್ಟಣಗಳೂ ಉಬ್ಬುತ್ತವೆ. ತಾಯಿ ಅಜ್ಜಿಯ ಕಾಲದಿಂದ ಕಾಣದ ಹುಮ್ಮಸ್ಸಿನಲ್ಲಿ ಏಳತೊಡಗಿದಳು. ಬೆಲ್ಟು ಸೊಂಟವನ್ನು ಕಚ್ಚಿತು. ಉಸಿರು ಅರ್ಧಕ್ಕೇ ನಿಂತಿತು.

ಅರ್ಮಿದಾ ಅಜ್ಜಿ ಜಪ ನಿಲ್ಲಿಸಿ ನನ್ನ ಹೊಟ್ಟೆಯನ್ನೇ ನೋಡಿದರು. "ಬರುವಾಗ ಇಷ್ಟಿರಲಿಲ್ಲ ಅಲ್ವಾ?"

"ಗ್ಯಾಸು."

"ನಮ್ಮ ಯಜಮಾನರಿಗೂ ಹೀಗೇ ಶುರುವಾಗಿದ್ದು," ಎಂದು ಅವರು ಶಿಲುಬೆಯ ಗುರುತು ಮಾಡಿಕೊಂಡರು.

ಗಗನಸಖಿ ಗಾಡಿ ತಳ್ಳಿಕೊಂಡು ಬಂದಳು. ನನ್ನ ಬೆಲ್ಟು ಬಿಗಿದು ತಂತಿಯಾದದ್ದನ್ನು ಕಂಡು ಕಿವಿಯ ಬಳಿ ಬಗ್ಗಿದಳು. "ಸರ್, ತುಂಬು ಗರ್ಭಿಣಿಯರಿಗೆ ಅಂತ ಉದ್ದನೆ ಬೆಲ್ಟ್ ಇಟ್ಟಿರ್ತೀವಿ. ತಂದುಕೊಡ್ಲಾ?"

ಇಂಥ ಅವಮಾನ! ನನ್ನ ರಕ್ತ ಕುದಿಯಿತು. "ಅದಕ್ಕೆ ದುಡ್ಡೆಷ್ಟು?"

"ದುಡ್ಡಿಲ್ಲ ಸರ್."

"ಹಾಗಾದ್ರೆ ತನ್ನಿ!"

ಬೆಲ್ಟಿನ ಜೊತೆ ಅವಳು ಕಾಗದ ಸುತ್ತಿದ ಚಾಕೊಲೇಟೊಂದನ್ನೂ ತಂದಳು. "ಮುಂದೆ ಕೂತಿರೋ ಮೇಡಂ ಒಬ್ಬರು ನಿಮಗೆ ಕೊಡಿ ಅಂದ್ರು."

ನಾನು ಎದ್ದು ನಿಂತು ಗರ್ಜಿಸುತ್ತಿದ್ದೆ, ಆದರೆ ಏಳಲು ಆಗಲಿಲ್ಲ. ಕೂತಲ್ಲಿಂದಲೇ ಹೇಳಿದೆ: "ಆ ಪರದೆ ಹಿಂದಿನ ಮಹಾರಾಣಿಗೆ ಹೇಳಿ, ಎರ್ಮಾನ್ನೊ ಗಲ್ಬಿಯಾಟಿ ಭಿಕ್ಷೆ ತಗೊಳ್ಳಲ್ಲ ಅಂತ. ಗಾಳಿ ಕೊಂಡ್ಕೊಂಡು ಕೂತಿದ್ದಾರಲ್ಲ, ಅದನ್ನೇ ತಿನ್ನಲಿ!"

ಗಗನಸಖಿ ಹಾಗೇ ಹೇಳಿರಬೇಕು. ಪರದೆಯ ಆಚೆ ಯಾರೋ ಕಿಸಕ್ಕೆಂದು ನಕ್ಕರು. ಚಾಕೊಲೇಟನ್ನು ಅಜ್ಜಿ ತಿಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮೋಡಗಳ ಮೇಲೆ ವಿಮಾನ ಒಮ್ಮೆ ಎದ್ದು ಬಿತ್ತು. ಒಳಗೆ ಹುರಿ ಹರಿದ ಸದ್ದು ನನಗೊಬ್ಬನಿಗೇ ಕೇಳಿಸಿತು. ಕೋಟಿನ ನಡುವಿನ ಗುಂಡಿ ಬಂದೂಕಿನ ಗುಂಡಿನಂತೆ ಹಾರಿ, ಮುಂದಿನ ಸೀಟಿನವನ ಬೋಳು ತಲೆಗೆ ಟಪ್ಪೆಂದು ಬಡಿಯಿತು. ಅವನು "ಅಯ್ಯೋ!" ಎಂದ. ಆ ಸಂದಿನಿಂದ ಬೆಳ್ಳಗೆ, ಮೆತ್ತಗೆ, ಸಾವಕಾಶವಾಗಿ ತಾಯಿ ಹೊರಗೆ ಬಂದಳು! ಎರಡೂ ಕೈಯಿಂದ ಒಳಗೆ ತಳ್ಳಿದೆ. ಬೆರಳ ಸಂದಿಯಿಂದ ಬಂದಳು. ಬಾಚಿ ಹಿಡಿದೆ, ಮೊಣಕೈಗೆ ಇಳಿದಳು. ಒಂದು ಉಂಡೆ ಬೆಲ್ಜಿಯಮ್ಮಿನವನ ತೊಡೆಯ ಮೇಲೆ ಬಿತ್ತು. ಅವನು ನಿದ್ದೆಯಲ್ಲೇ ಅದನ್ನು ತಟ್ಟಿದ. ಎಲ್ಲವನ್ನೂ ಒಟ್ಟು ಮಾಡಿ ಹಿಡಿಯಲೆಂದು ಎರಡು ಅಂಗೈಗಳನ್ನು ಜೋರಾಗಿ ಒತ್ತಿದೆ. ಅಷ್ಟೆ! ಅಂಗೈಗಳು ಒಂದಕ್ಕೊಂದು ಅಂಟಿಕೊಂಡುಬಿಟ್ಟವು. ಎಳೆದೆ, ಬರಲಿಲ್ಲ. ಎದೆಯ ಮುಂದೆ ಕೈ ಮುಗಿದುಕೊಂಡು, ಬೆವರು ಸುರಿಸುತ್ತಾ, "ದೇವರೇ, ದೇವರೇ," ಎನ್ನುತ್ತಾ ಕೂತೆ.

ಅರ್ಮಿದಾ ಅಜ್ಜಿ ತಿರುಗಿ ನೋಡಿದರು. ಚಪ್ಪಾಳೆಯನ್ನೇ ತಟ್ಟದ ನಾಸ್ತಿಕ ಮನುಷ್ಯ ಕೈ ಮುಗಿದು ಪ್ರಾರ್ಥಿಸುತ್ತಿದ್ದಾನೆ! ಅವರಿಗೆ ಎಲ್ಲ ಅರ್ಥವಾಯಿತು.

"ಅಯ್ಯೋ ನಮ್ಮಮ್ಮಾ! ಏನೋ ಸದ್ದಾಯ್ತು! ಇವರಿಗೆ ಗೊತ್ತಾಗಿದೆ! ವಿಮಾನ ಬೀಳ್ತಿದೆ!"

"ಇಲ್ಲ ಅಜ್ಜಿ, ಇದು ಹಿಟ್ಟು..."

"ಹಿಟ್ಟಿನ ಮಾತಾಡ್ತಿದ್ದಾರೆ! ಭಯಕ್ಕೆ ಬುದ್ಧಿ ಕೆಟ್ಟಿದೆ! ಎಲ್ರೂ ಪ್ರಾರ್ಥನೆ ಮಾಡ್ರಪ್ಪೋ!"

ಗುಂಡಿನೇಟು ತಿಂದ ಬೋಳುತಲೆಯವನು ಕೈ ಜೋಡಿಸಿದ. ಅವನ ಮುಂದಿನವರು ಜೋಡಿಸಿದರು. ಸಾಲು ಸಾಲಾಗಿ ಪ್ರಾರ್ಥನೆ ಮುಂದಕ್ಕೆ ಹಬ್ಬಿತು. ಯಾರೋ ಹೆಂಡತಿಯ ಹತ್ತಿರ ಹಳೆಯ ತಪ್ಪು ಒಪ್ಪಿಕೊಂಡರು. ಆ ಹೆಂಗಸು ವಿಮಾನ ಬೀಳುವವರೆಗೂ ಕಾಯದೆ ಅವನಿಗೆ ಎರಡು ಬಾರಿಸಿದಳು. ಪೈಲಟ್ಟು ಮೈಕಿನಲ್ಲಿ, "ಎಲ್ಲ ಸರಿಯಾಗಿದೆ, ದಯವಿಟ್ಟು ಗಾಬರಿ ಬೇಡ," ಎಂದ. ಸರಿಯಾಗಿದ್ದರೆ ಅದನ್ನೇಕೆ ಹೇಳಬೇಕು ಎಂದು ಜನ ಇನ್ನೂ ಜೋರಾಗಿ ಅತ್ತರು.

ವಿಮಾನ ಹೂವಿನಂತೆ ಬ್ರಸೆಲ್ಸಿನಲ್ಲಿ ಇಳಿಯಿತು. ಆಗ ಎದ್ದ ಚಪ್ಪಾಳೆಯನ್ನು ನೀವು ಕೇಳಬೇಕಿತ್ತು! ಬೆಲ್ಜಿಯಮ್ಮಿನವನೂ ಎದ್ದು, ಏಕೆಂದು ತಿಳಿಯದೆ, ತಟ್ಟಿದ. ಇಡೀ ವಿಮಾನದಲ್ಲಿ ತಟ್ಟದೆ ಉಳಿದವನು ನಾನೊಬ್ಬನೇ.

"ಜೀವ ಉಳಿಸಿದ್ರೂ ಒಂದು ಚಪ್ಪಾಳೆ ಇಲ್ಲ. ಎಂಥ ಕಲ್ಲು ಮನುಷ್ಯ!" ಎಂದು ಅಜ್ಜಿ ನನ್ನ ಮುಗಿದ ಕೈ ನೋಡಿ ಮುಖ ತಿರುಗಿಸಿದರು.

ಗಗನಸಖಿ ಬಿಸಿನೀರು ಹಾಕಿ ನನ್ನ ಕೈಗಳನ್ನು ಬೇರೆ ಮಾಡುವಷ್ಟರಲ್ಲಿ ಜನ ಹಿಂದಿನ ಬಾಗಿಲಿನಿಂದ ಇಳಿಯತೊಡಗಿದ್ದರು. ನೆಲಕ್ಕೆ ಬಿದ್ದ ತಾಯಿಯ ಮೇಲೆ ಹತ್ತಾರು ಬೂಟುಗಳು ಹಾದುಹೋದವು. ನಾನು ಮಂಡಿಯೂರಿ, ಸೀಟಿನಡಿಯಿಂದ ಕಪ್ಪಾದ ಚೂರುಗಳನ್ನು ಕೆರೆದು, ವಾಂತಿಗೆಂದು ಇಟ್ಟಿರುವ ಕಾಗದದ ಚೀಲಕ್ಕೆ ತುಂಬಿದೆ. ಅಲ್ಲಿಯವರೆಗೆ ಬಂದ ಸಿಟ್ಟೆಲ್ಲ ಎಲ್ಲಿ ಹೋಯಿತೋ! ನನಗೆ ಅಳು ಬಂತು. ಎರಡು ಮಹಾಯುದ್ಧ ಕಂಡು ಬದುಕಿದ್ದ ಹಿಟ್ಟು, ಒಂದು ಪೆಟ್ಟಿಗೆಯ ದುಡ್ಡಿಗಾಗಿ ನನ್ನ ಹೊಟ್ಟೆಯ ಮೇಲೆ ಸತ್ತಿತ್ತು. ಜಿನೇವ್ರಾಳ ಅಂಗಡಿಗೆ ಬಾಗಿಲು ಬಿತ್ತು. ಅತ್ತೆಗೆ ಕೊಟ್ಟ ಮಾತು ನೀರುಪಾಲಾಯಿತು. ಪಿಯೆರಾಳ ಮುಖವನ್ನು ಹೇಗೆ ನೋಡಲಿ?

ಹೊರಗಿನ ಹಜಾರದಲ್ಲಿ ಪಿಯೆರಾ ನನಗಿಂತ ಮೊದಲೇ ಬಂದು ನಿಂತಿದ್ದಳು. ಪಕ್ಕದಲ್ಲಿ ಜಿನೇವ್ರಾ. ನಾನು ಹಿಟ್ಟು ಮೆತ್ತಿದ ಕೋಟಿನಲ್ಲೇ ಹೋಗಿ ವಾಂತಿಚೀಲವನ್ನು ಮುಂದೆ ಚಾಚಿದೆ.

"ಪಿಯೆರಾ, ತಾಯಿ ಹೋಗಿಬಿಟ್ಟಳು. ಕೊಂದವನು ನಾನೇ. ನನ್ನ ಜಿಪುಣತನ ಕೊಂದಿತು. ಏನು ಬೇಕಾದರೂ ಅನ್ನು."

ಅವಳು ಚೀಲದೊಳಗೆ ಇಣುಕಿದಳು, ಮೂಗು ಮುಚ್ಚಿಕೊಂಡಳು. "ಇದಾ? ಇದು ನಿನ್ನೆ ಎಸೀಬೇಕಿದ್ದ ಹಳೇ ಹಿಟ್ಟು. ಇದಕ್ಕೆ ಇಷ್ಟು ಉಬ್ಬೋ ತಾಕತ್ತು ಎಲ್ಲಿಂದ ಬಂತು?"

"ನಾನು... ಸ್ವಲ್ಪ ಸಕ್ಕರೆ..."

"ಹಾಳಾದವನೇ!" ಎಂದು ಅವಳು ಹೆಣಿಗೆಯ ಚೀಲದ ಬಾಯಿ ತೆರೆದಳು. ಒಳಗೆ, ಮೆತ್ತನೆಯ ಬಟ್ಟೆಯ ನಡುವೆ, ಬಿಗಿದ ಹುರಿಯಲ್ಲಿ, ತಣ್ಣಗೆ ಮಲಗಿದ್ದಳು ಸಾಕ್ಷಾತ್ ತಾಯಿ! ಜಿನೇವ್ರಾ ಆ ಗಂಟನ್ನು ಎದೆಗೊತ್ತಿಕೊಂಡು ಗಳಗಳನೆ ಅತ್ತಳು.

"ಅಜ್ಜಿಯ ಹಿಟ್ಟನ್ನ ನಿನ್ನ ಕೈಗೆ ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದಳು ಪಿಯೆರಾ. "ಹೊರ್ತೀನಿ ಅಂತ ಹಟ ಹಿಡಿದೆ, ಹೊರೋಕೆ ಏನೋ ಒಂದು ಕೊಟ್ಟೆ. ತಾಯಿ ಮುಂದೆ ಬಂದ್ಲು, ಪರದೆ ಆಚೆ, ನನ್ನ ಪಕ್ಕದ ಖಾಲಿ ಸೀಟಲ್ಲಿ ಕಾಲು ಚಾಚ್ಕೊಂಡು. ಆ ಹುಡುಗಿ ಅವಳಿಗೂ ಬೆಲ್ಟ್ ಹಾಕಿದ್ಲು."

"ಪರದೆ ಆಚೆ? ಅಂದ್ರೆ ಆ ಚಾಕೊಲೇಟು..."

"ಮಹಾರಾಣಿ ಕಳಿಸಿದ್ದು."

"ಅಷ್ಟು ದುಡ್ಡು ಎಲ್ಲಿಂದ ಬಂತು?"

"ಕಾಫಿಪುಡಿ ಡಬ್ಬಿಯಿಂದ. ಹತ್ತು ವರ್ಷದಿಂದ ನೀನು ಉಳಿಸಿ ಉಳಿಸಿ ಕೊಟ್ಟಿದ್ಯಲ್ಲ, ಅದೇ. ಹೋಗೋಕೂ ಬರೋಕೂ ಎರಡಕ್ಕೂ ಸರಿಹೋಯ್ತು."

ಹೋಗೋಕೂ ಬರೋಕೂ! ಕಟ್ಟಕಡೆಯ ಸಾಲು, ಶೌಚಾಲಯದ ಗೋಡೆ, ಗದ್ದಕ್ಕೆ ಒತ್ತುವ ಮಂಡಿ, ಎಲ್ಲ ಕಣ್ಣ ಮುಂದೆ ಬಂತು. ನನ್ನ ಶಪಥ, ನನ್ನ ಮನೆತನ, ನನ್ನ ಹೆಸರು ಎಲ್ಲವನ್ನೂ ಅಲ್ಲೇ ಹಜಾರದ ನೆಲದ ಮೇಲೆ ಬಿಟ್ಟು, ಅವಳ ತೋಳು ಮುಟ್ಟಿ, ನನ್ನ ಜೀವಮಾನದ ಅತ್ಯಂತ ಮೆತ್ತನೆಯ ದನಿಯಲ್ಲಿ ಕೇಳಿದೆ:

"ಪಿಯೆರಾ, ವಾಪಸ್ ಹೋಗುವಾಗ ತಾಯಿ ಇರಲ್ಲ ಅಲ್ವಾ? ಆ ನಡುವಿನ ಸೀಟು ಹೇಗೂ ಖಾಲಿ ಇರುತ್ತೆ..."

ಪಿಯೆರಾ ಪ್ರೀತಿಯಿಂದ ನನ್ನ ಕಿವಿಯ ಮೇಲಿನ ಹಿಟ್ಟಿನ ಚೂರು ತೆಗೆದಳು.

"ಅದು ಖಾಲಿ ಇರಲಿ ಅಂತಲೇ ಅಲ್ವಾ ಎರ್ಮಾನ್ನೊ, ದುಡ್ಡು ಕೊಟ್ಟಿರೋದು!"